ಉತ್ತಮಾಂಗದ ರಕ್ಷಣೆ

ಸಂಸ್ಕೃತದಲ್ಲಿ ತಲೆಗೆ ಉತ್ತಮಾಂಗವೆಂದು ಹೆಸರು. ಅಂಗಗಳಲ್ಲಿ ಶ್ರೇಷ್ಠವಾದುದಕ್ಕೆ ರಕ್ಷಣೆಯೂ ಮೊದಲು ಸಲ್ಲತಕ್ಕದ್ದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹೀಗಿದ್ದರೂ, ಸೈಕಲ್ಲು ತುಳಿಯುವ ಮಕ್ಕಳಿಗೆ ಶಿರಸ್ತ್ರಾಣ, ಅಂದರೆ ಹೆಲ್ಮೆಟ್ಟು, ನಿಜವಾಗಿ ಬೇಕೇ ಎಂದು ನಮ್ಮ ಜವನಗೊಂಡನಹಳ್ಳಿಯ ಗೃಹಸ್ಥರು ಕೇಳುವುದುಂಟು. ಪ್ರಶ್ನೆಯು ಕ್ಷುಲ್ಲಕವಾದುದಲ್ಲ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ನಮ್ಮೂರ ಮೇಲೆಯೇ ಹಾದುಹೋಗುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆ. 1988ನೆಯ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಮೋಟಾರು ಸೈಕಲ್ಲಿನವರಿಗೆ ಮಾತ್ರ ಅನ್ವಯಿಸುವುದು. ತುಳಿಯುವ ಸೈಕಲ್ಲಿಗೆ ಅದು ಸಂಬಂಧಿಸಿದುದಲ್ಲ. ಆದುದರಿಂದ ನಿರ್ಣಯವು ಮನೆಯ ಹಿರಿಯರಿಗೇ ಬಿಟ್ಟದ್ದು.

ಸೈಕಲ್ಲಿನ ಅಪಾಯಗಳು ಎರಡು ಬಗೆಯವು. ಮರಳಿನಲ್ಲಿ ಚಕ್ರ ಜಾರಿಯೋ ಆಡು ಅಡ್ಡ ಬಂದೋ ತಾನಾಗಿ ಬೀಳುವುದು ಒಂದು. ದೊಡ್ಡ ವಾಹನವು ಬಂದು ಹಾಯುವುದು ಇನ್ನೊಂದು. ಹೆಲ್ಮೆಟ್ಟಿನ ಒಳಪದರವು ಥರ್ಮೋಕೋಲಿನ ಜಾತಿಯದು. ತಲೆಗೆ ತಗಲಬೇಕಾದ ಪೆಟ್ಟನ್ನು ಅದು ತಾನೇ ನಜ್ಜುಗುಜ್ಜಾಗಿ ನುಂಗಿಕೊಳ್ಳುತ್ತದೆ. ಮೊದಲನೆಯ ಬಗೆಯ ಅಪಾಯದಲ್ಲಿ ಅದರ ಉಪಕಾರವು ನಿಸ್ಸಂದೇಹವಾದುದು. ವೇಗದ ಲಾರಿಯ ಎದುರಿಗಾದರೋ ಅದರ ಶಕ್ತಿಯು ಬಹಳ ಸ್ವಲ್ಪ.

ಹೊರನಾಡುಗಳ ಅನುಭವವನ್ನೂ ನೋಡೋಣ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1990ರಲ್ಲಿ ಸೈಕಲ್ಲಿನವರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದರು. ತಲೆಯ ಗಾಯಗಳೇನೋ ಕಡಿಮೆಯಾದುವು. ಆದರೆ ಹದಿಹರೆಯದವರಲ್ಲಿ ಸೈಕಲ್ಲು ತುಳಿಯುವವರೇ ಕಡಿಮೆಯಾದರು. ಹಾಲೆಂಡಿನಲ್ಲಿ ಬಹುಮಂದಿ ಬರಿದಲೆಯಲ್ಲಿಯೇ ಸಂಚರಿಸುತ್ತಾರೆ. ಸೈಕಲ್ಲಿಗೆಂದೇ ಪ್ರತ್ಯೇಕವಾದ ದಾರಿಗಳಿರುವುದು ಅಲ್ಲಿಯವರ ದೊಡ್ಡ ರಕ್ಷಣೆ.

ನಮ್ಮ ಆತಂಕವೂ ಇಲ್ಲಿಯೇ ಇದೆ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿದ ಮೇಲೆ, ದೂರದ ಹಳ್ಳಿಗಳ ಹೆಣ್ಣುಮಕ್ಕಳು ತಾವಾಗಿ ತುಳಿದುಕೊಂಡು ಹೈಸ್ಕೂಲಿಗೆ ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೆಲ್ಮೆಟ್ಟಿಲ್ಲವೆಂಬ ನೆಪದಿಂದ ಅಂತಹ ಮಗಳನ್ನು ಮನೆಯಲ್ಲಿ ನಿಲ್ಲಿಸುವುದು ತಲೆಯನ್ನು ಉಳಿಸಲು ಹೋಗಿ ವಿದ್ಯೆಯನ್ನು ಕಳೆದಂತೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಕೊಳ್ಳುವ ಅನುಕೂಲವಿದ್ದವರು ಅವಶ್ಯವಾಗಿ ಕೊಳ್ಳಲಿ. ಮೋಟಾರು ಸೈಕಲ್ಲಿನ ಭಾರದ ಹೆಲ್ಮೆಟ್ಟು ಮಕ್ಕಳಿಗೆ ಬೇಡ. ಗಾಳಿಗಂಡಿಗಳುಳ್ಳ ಹಗುರವಾದುದು ಸಾಕು. ಅದು ಹಣೆಯನ್ನು ಮುಚ್ಚಿ ಹುಬ್ಬಿಗಿಂತ ಎರಡು ಬೆರಳು ಮೇಲೆ ನಿಲ್ಲಬೇಕು; ಗಲ್ಲದ ಪಟ್ಟಿಯು ಬಿಗಿಯಾಗಿರಬೇಕು. ಜಡೆಯನ್ನು ಕತ್ತಿನ ಬಳಿಗೆ ಇಳಿಸಿ ಹೆಣೆದರೆ ತೊಂದರೆಯಿಲ್ಲ. ಒಮ್ಮೆ ಬಲವಾದ ಪೆಟ್ಟು ತಿಂದುದನ್ನು ಮತ್ತೆ ಧರಿಸಲಾಗದು. ಕೊಳ್ಳಲಾರದವರು ಸೈಕಲ್ಲಿನ ಬ್ರೇಕು, ಗಂಟೆ, ಹಿಂಬದಿಯ ಕೆಂಪು ಹೊಳಪುಗಳನ್ನಾದರೂ ಸರಿಯಾಗಿಟ್ಟುಕೊಳ್ಳಲಿ. ಮಕ್ಕಳು ಹೆದ್ದಾರಿಯನ್ನು ದಾಟುವಾಗ ಇಳಿದು ಸೈಕಲ್ಲನ್ನು ತಳ್ಳಿಕೊಂಡೇ ದಾಟಲಿ.

ಇಷ್ಟರಿಂದಲೇ ಹಿರಿಯರ ಹೊಣೆ ತೀರಲಿಲ್ಲ. ಮಕ್ಕಳಿಗೆ ನಿರ್ಭಯವಾದ ಪಕ್ಕದ ದಾರಿಯನ್ನು ಮಾಡಿಸಿಕೊಡಿರೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ನಮ್ಮೆಲ್ಲರ ಕರ್ತವ್ಯ. ತಲೆಗೆ ಟೊಪ್ಪಿಗೆಯನ್ನು ತಂದೆತಾಯಿಗಳು ಕೊಡಿಸಬಹುದು. ದಾರಿಯನ್ನು ಊರೇ ಕೂಡಿ ಕೊಡಿಸಬೇಕು.