ಆರೂವರೆ ಬ್ಯಾಂಡು

ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಹೈದರಾಬಾದು ಪರಸ್ಥಳ ಅಂತ ಅನ್ನಿಸುವುದೇ ಇಲ್ಲ. ಬೆಂಗಳೂರಿಗೆ ಹೋಗಬೇಕೆಂದರೆ ನಾವು ರಾತ್ರಿಯೆಲ್ಲ ರೈಲಿನಲ್ಲಿ ಮಲಗಬೇಕು. ಹೈದರಾಬಾದಿಗಾದರೆ ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೊರಟು ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತೇವೆ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಅಂದಿನಿಂದ ನಮ್ಮವರು ದವಾಖಾನೆಗೆ, ಬಂಗಾರದ ಅಂಗಡಿಗೆ, ನೌಕರಿಗೆ, ಓದಿಗೆ ಇಲ್ಲಿಗೇ ಬರುತ್ತಿದ್ದಾರೆ. 1956ರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ನಾವು ಆ ಕಡೆಗೆ ಹೋದೆವು, ಹೈದರಾಬಾದು ಈ ಕಡೆಗೆ ಉಳಿಯಿತು. ಗೆರೆ ದಾಟುವ ಅಭ್ಯಾಸ ಮಾತ್ರ ಹೋಗಲಿಲ್ಲ.

ನಾನು ಸೇಡಂನವಳು. 1994ರಲ್ಲಿ ಮದುವೆಯಾಗಿ ಬರ್ಕತ್‌ಪುರಕ್ಕೆ ಬಂದೆ. ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊರವರಿಗೆ ನಮ್ಮ ಮನೆ ಒಂದು ಧರ್ಮಛತ್ರ ಇದ್ದ ಹಾಗೆ. ಮೊದಲೆಲ್ಲ ಬರುವವರು ಹೃದಯದ ಆಪರೇಶನ್ನಿಗೆ, ಕಣ್ಣಿನ ಪೊರೆಗೆ ಅಂತ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿದೆ. ಮಕ್ಕಳು ಬೆನ್ನಿಗೊಂದು ಚೀಲ ಹಾಕಿಕೊಂಡು ಬರುತ್ತಾರೆ, "ಆಂಟಿ, ಐಇಎಲ್‌ಟಿಎಸ್ ಕೋಚಿಂಗ್" ಅನ್ನುತ್ತಾರೆ. ವಿದೇಶದಲ್ಲಿ ಓದಬೇಕಾದರೆ ನಿನಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆದು ಚೀಟಿ ಕೊಡುವ ಪರೀಕ್ಷೆ ಅದು. ಶುರುವಾದದ್ದು 1989ರಲ್ಲಿ. ಕೇಳುವುದಕ್ಕೆ ಅರ್ಧ ತಾಸು, ಓದುವುದಕ್ಕೆ ಒಂದು ತಾಸು, ಬರೆಯುವುದಕ್ಕೆ ಒಂದು ತಾಸು, ಮಾತಿಗೆ ಹನ್ನೊಂದರಿಂದ ಹದಿನಾಲ್ಕು ನಿಮಿಷ. ಪಾಸು, ಫೇಲು ಅಂತ ಇಲ್ಲ. ಒಂಬತ್ತರ ತನಕ ಬ್ಯಾಂಡು ಕೊಡುತ್ತಾರೆ, ಅರ್ಧರ್ಧ ಲೆಕ್ಕದಲ್ಲಿ. ಒಂದು ಸಲ ಕೂಡಲು ಹದಿನೈದು ಸಾವಿರ ರೂಪಾಯಿಗೂ ಮೇಲೆ ಫೀಸು. ಚೀಟಿಯ ಆಯುಷ್ಯ ಎರಡೇ ವರ್ಷ.

ಈ ಎರಡು ವರ್ಷದ ಮಾತು ಕೇಳಿದಾಗಲೆಲ್ಲ ನನಗೆ ನಮ್ಮಜ್ಜನ ನೆನಪಾಗುತ್ತದೆ. ಅವರು 1930ರ ದಶಕದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ನಿಜಾಮರು 1918ರಲ್ಲಿ ಸ್ಥಾಪಿಸಿದ ಆ ವಿಶ್ವವಿದ್ಯಾಲಯದ ಬೋಧನೆಯೆಲ್ಲ ಉರ್ದುವಿನಲ್ಲಿ. ವಿಜ್ಞಾನ, ಕಾನೂನು ಎಲ್ಲವನ್ನೂ ಉರ್ದುವಿಗೆ ತರಲು ಅನುವಾದದ ಒಂದು ದೊಡ್ಡ ಇಲಾಖೆಯೇ ಇತ್ತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಸೇಡಂನ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ ತಾನೆ? ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖ್ಖನಿ, ಶಾಲೆಯಲ್ಲಿ ಉರ್ದು. ಅಜ್ಜ ಕಷ್ಟಪಟ್ಟು ಕಲಿತು ವಕೀಲರಾದರು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಬಂತು, ಕಚೇರಿಗಳ ಭಾಷೆಯೂ ಬದಲಾಯಿತು. ಅಜ್ಜ ಮತ್ತೊಮ್ಮೆ ಪಾಟಿ ಹಿಡಿದು ಕೂತರು. ಓದಿಗಾಗಿ ಇನ್ನೊಬ್ಬರ ಭಾಷೆಯ ಬಾಗಿಲು ತಟ್ಟುವುದು ನಮ್ಮ ಮನೆಯಲ್ಲಿ ಹೊಸದಲ್ಲ.

ಇನ್ನು ನಮ್ಮಣ್ಣನ ಮಗಳ ವಿಷಯಕ್ಕೆ ಬರುತ್ತೇನೆ. ಹತ್ತನೆಯ ತನಕ ಕನ್ನಡ ಮಾಧ್ಯಮ, ಆಮೇಲೆ ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರಿಂಗ್. ನೀರಿನ ಇಂಜಿನಿಯರಿಂಗಿನಲ್ಲಿ ಎಂ.ಎಸ್ಸಿ. ಮಾಡಲು ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆ. 2024ರ ಎಳ್ಳಮಾಸಿ ಮುಗಿಸಿಕೊಂಡು ಸಜ್ಜಿ ರೊಟ್ಟಿಯ ಗಂಟಿನ ಸಮೇತ ನಮ್ಮಲ್ಲಿಗೆ ಬಂದಳು. ಬಂದ ದಿನವೇ ತನ್ನ ಕಷ್ಟ ಹೇಳಿಕೊಂಡಳು.

"ಅತ್ತಿ, ಓದಿದ್ರ ತಿಳೀತದ, ಕೇಳಿದ್ರ ತಿಳೀತದ. ಮಾತಾಡು ಅಂದ್ರ ಬಾಯಿಗೆ ಬೀಗ ಬೀಳ್ತದ."

ಅಮೀರಪೇಟೆಯ ಒಂದು ಕೋಚಿಂಗಿಗೆ ಸೇರಿಸಿದೆವು. ನೀವು ಅಮೀರಪೇಟೆ ನೋಡಿಲ್ಲವೆಂದರೆ ಒಮ್ಮೆ ನೋಡಬೇಕು. ಮೈತ್ರಿವನಂ ಸುತ್ತಮುತ್ತ ಆಕಾಶ ಕಾಣದಷ್ಟು ಬೋರ್ಡುಗಳು. ಜಾವಾ, ಪೈಥಾನ್, ಜಿಆರ್‌ಇ, ವೀಸಾ ಸಂದರ್ಶನ, ಎಲ್ಲವೂ ಒಂದೇ ಮೆಟ್ಟಿಲ ಮೇಲೆ ಸಿಗುತ್ತವೆ. ತಮಾಷೆ ಏನೆಂದರೆ, ಅಲ್ಲಿ ಇಂಗ್ಲಿಷ್ ಕಲಿಸುವುದು ತೆಲುಗಿನಲ್ಲಿ. ಮೊದಲ ಹದಿನೈದು ದಿನಕ್ಕೆ ನಮ್ಮ ಹುಡುಗಿ ಕಲಿತ ಹೊಸ ಭಾಷೆ ತೆಲುಗು. "ಅರ್ಥಮಯ್ಯಿಂದಾ?" ಅಂತ ನಮ್ಮನೆಯವರನ್ನೇ ಕೇಳತೊಡಗಿದಳು. ಊರಿಂದ ಅಣ್ಣ ಫೋನು ಮಾಡಿ "ಪ್ರಾಕ್ಟೀಸ್‌ನ್ಯಾಗ ಬ್ಯಾಂಡ್ ಎಷ್ಟಾತು?" ಅನ್ನುತ್ತಿದ್ದ. ಪಕ್ಕದಲ್ಲಿ ಕೂತ ನಮ್ಮವ್ವನಿಗೆ ಬ್ಯಾಂಡು ಅಂದರೆ ಒಂದೇ ಅರ್ಥ. "ಮದುವಿ ಗೊತ್ತಾತೇನು? ಬ್ಯಾಂಡಿನವ್ರು ಎಷ್ಟು ಕೇಳ್ತಾರ?" ಅಂತ ಆಕೆ ಹಿಂದಿನಿಂದ ಕೂಗುವುದು ನನಗೆ ಕೇಳಿಸುತ್ತಿತ್ತು.

ಮಾತಿನ ಪರೀಕ್ಷೆಯಲ್ಲಿ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ ಎರಡು ನಿಮಿಷದ ತನಕ ಮಾತಾಡಬೇಕು. ಕೋಚಿಂಗಿನವರು ಅಂಥ ಚೀಟಿಗಳಿಗೆಲ್ಲ ಉತ್ತರ ಬರೆಸಿ ಬಾಯಿಪಾಠ ಮಾಡಿಸಿದ್ದರು. ಒಂದು ಸಂಜೆ ಅಡುಗೆ ಮನೆಯಲ್ಲಿ ನಿಂತು ನನಗೆ ಒಪ್ಪಿಸಿದಳು. ಚೀಟಿಯ ವಿಷಯ, ನೀವು ನೋಡಿದ ಐತಿಹಾಸಿಕ ಸ್ಥಳ. ತಾಜಮಹಲು, ಅಮೃತಶಿಲೆ, ಬೆಳದಿಂಗಳು ಅಂತ ಗಡಿಯಾರ ಇಟ್ಟ ಹಾಗೆ ಎರಡು ನಿಮಿಷ ಹೇಳಿದಳು.

"ತಾಜಮಹಲ ಯಾವಾಗ ನೋಡಿದಿ?"

"ಎಲ್ಲಿ ನೋಡೀನತ್ತಿ? ಟೀವಿಯಾಗ."

ಸೇಡಂನಿಂದ ಮಳಖೇಡಕ್ಕೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ ಅದು, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಕಾಗಿಣಾ ದಂಡೆಯ ಆ ಕೋಟೆಯಲ್ಲಿ ಇವಳು ಚಿಕ್ಕಂದಿನಲ್ಲಿ ಮುಟ್ಟಾಟ ಆಡಿದವಳು. ಅದನ್ನೇ ಹೇಳು ಅಂದೆ. ತಡವರಿಸಿದಳು. ಇಂಗ್ಲಿಷು ಬೇಡ, ಕನ್ನಡದಲ್ಲೇ ಹೇಳು ಅಂದೆ. ಆಗ ಗೋಡೆಯ ಮೇಲೆ ಹತ್ತಿ ಕೂತದ್ದು, ಕೆಳಗೆ ನದಿ ಮಳೆಗಾಲದಲ್ಲಿ ಕೆಂಪಾಗಿ ಬರುವುದು, ಹೊಲಕ್ಕೆ ನೀರು ನುಗ್ಗಿದ ವರ್ಷ ಅಪ್ಪ ರಾತ್ರಿಯೆಲ್ಲ ನಿದ್ದೆ ಮಾಡದೆ ಇದ್ದದ್ದು, ಎಲ್ಲ ಬಂತು. ಎರಡು ನಿಮಿಷದ ಬದಲು ಹತ್ತು ನಿಮಿಷ. ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ವ್ಯಾಕರಣ ಅಲ್ಲಲ್ಲಿ ಎಡವಿತು, ಮಾತು ನಿಲ್ಲಲಿಲ್ಲ. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಹಿಡಿಯುತ್ತಾರೆ, ಅದಕ್ಕೆ ಒಳ್ಳೆಯ ಬ್ಯಾಂಡು ಸಿಗುವುದಿಲ್ಲ. ಕೋಟೆಗೆ ಆ ಭಯವಿಲ್ಲ.

ನಿಜವಾದ ತೊಡಕು ಇದ್ದದ್ದು ಬರವಣಿಗೆಯಲ್ಲಿ. ಅಲ್ಲಿ ಎರಡು ಪ್ರಶ್ನೆ. ಮೊದಲನೆಯದು ನಕ್ಷೆ, ಅಂಕಿ ಅಂಶ ನೋಡಿ 150 ಪದ ಬರೆಯುವುದು. ಇಂಜಿನಿಯರಿಗೆ ಅದೇನು ಕಷ್ಟವಲ್ಲ. ಎರಡನೆಯದು 250 ಪದದ ಪ್ರಬಂಧ. ಯಾವುದೋ ಒಂದು ಅಭಿಪ್ರಾಯ ಕೊಟ್ಟು, ನೀನು ಇದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀ, ಕಾರಣ ಕೊಡು, ಉದಾಹರಣೆ ಕೊಡು ಎನ್ನುತ್ತಾರೆ. ಅವಳ ಪ್ರಬಂಧಗಳನ್ನು ನಾನು ಓದುತ್ತಿದ್ದೆ. ಕೆಲವರು ಹೀಗೆನ್ನುತ್ತಾರೆ, ಇನ್ನು ಕೆಲವರು ಹಾಗೆನ್ನುತ್ತಾರೆ, ಎರಡೂ ಕಡೆ ಸತ್ಯವಿದೆ, ಹಾಗಾಗಿ ಸಮತೋಲನ ಇರಬೇಕು. ಪ್ರತಿಯೊಂದೂ ಇದೇ. "ನಿನಗೇನು ಅನಸ್ತದ, ಅದು ಎಲ್ಲದ?" ಅಂದರೆ ನಕ್ಕು ಸುಮ್ಮನಾಗುತ್ತಿದ್ದಳು.

ಯೋಚಿಸಿ ನೋಡಿದರೆ ನಗುವುದರಲ್ಲಿ ತಪ್ಪೇನಿದೆ? ನಿನಗೇನು ಅನಸ್ತದ ಅಂತ ಆ ಹುಡುಗಿಯನ್ನು ಅದುವರೆಗೆ ಯಾರು ಕೇಳಿದ್ದರು? ಶಾಲೆಯಲ್ಲಿ ಗೈಡಿನ ಉತ್ತರ, ಮನೆಯಲ್ಲಿ ಅಪ್ಪ ಕಾಕಂದಿರ ನಿರ್ಧಾರ. ಊಟಕ್ಕೆ ಏನು ಮಾಡಲಿ ಎಂದು ಕೇಳಿದಾಗಲೂ ನಮ್ಮ ಹೆಣ್ಣುಮಕ್ಕಳು "ಏನಾದ್ರೂ ನಡೀತದ" ಅನ್ನುವವರು. ಆ ಪ್ರಶ್ನೆ ಅವಳ ಪಾಲಿಗೆ ವ್ಯಾಕರಣಕ್ಕಿಂತ ಹೊಸದು.

ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದಳು. ಕೇಳುವುದಕ್ಕೆ 7, ಓದಿಗೆ 6.5, ಮಾತಿಗೆ 6.5, ಬರವಣಿಗೆಗೆ 5.5. ನಾಲ್ಕನ್ನೂ ಕೂಡಿ ಭಾಗಿಸಿದರೆ 6.375. ಅದನ್ನು ಹತ್ತಿರದ ಅರ್ಧಕ್ಕೆ ಏರಿಸಿ ಒಟ್ಟು ಆರೂವರೆ ಕೊಡುತ್ತಾರೆ. ಆರೂವರೆಯೇ ಬೇಕಾಗಿತ್ತು. ಆದರೆ ಅವಳು ಅರ್ಜಿ ಹಾಕಿದ ವಿಶ್ವವಿದ್ಯಾಲಯಗಳ ನಿಯಮದಲ್ಲಿ ಇನ್ನೊಂದು ಸಾಲು ಇತ್ತು: ಯಾವ ವಿಭಾಗದಲ್ಲೂ ಆರಕ್ಕಿಂತ ಕಡಿಮೆ ಇರಬಾರದು. ಅರ್ಧ ಬ್ಯಾಂಡು ಅಡ್ಡ ನಿಂತಿತು. ಒಂದೇ ವಿಭಾಗವನ್ನು ಅರವತ್ತು ದಿನದೊಳಗೆ ಮತ್ತೆ ಬರೆಯುವ ಸೌಲಭ್ಯ ಅದಕ್ಕೂ ಹಿಂದಿನ ವರ್ಷ ಬಂದಿತ್ತು. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ, ಮೊದಲೇ ಕೇಳಿ ತಿಳಿಯಬೇಕು. ಇವಳು ಕೇಳಿದಳು, ಒಪ್ಪುತ್ತೇವೆ ಅಂದರು. ಮೇ ತಿಂಗಳಿಗೆ ದಿನ ಗೊತ್ತುಮಾಡಿದಳು.

ಅಷ್ಟರಲ್ಲಿ ಸಾಲದ ಮಾತು ಬಂತು. ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಸರಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡವು ಕೇಳುತ್ತವೆ. ಅಣ್ಣನಿಗೆ ತೊಗರಿ ಬೆಳೆಯುವ ಆರು ಎಕರೆ ಹೊಲ ಇದೆ. ಆದರೆ ಈ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳಲ್ಲಿ ಹೊಲ ನಡೆಯುವುದಿಲ್ಲ. ಸೇಡಂನ ಮನೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿದೆ, ಕಾಗದಗಳೂ ನೆಟ್ಟಗಿಲ್ಲ. ಕೊನೆಗೆ ಉಳಿದದ್ದು ನಾವಿರುವ ಈ ಬರ್ಕತ್‌ಪುರದ ಫ್ಲಾಟು. ಇಪ್ಪತ್ತು ವರ್ಷ ಕಂತು ಕಟ್ಟಿ ಕಾಗದ ಬಿಡಿಸಿಕೊಂಡು ಎರಡು ವರ್ಷವೂ ಆಗಿರಲಿಲ್ಲ.

ಅಣ್ಣ ಊರಿಂದ ಬಂದ. ಊಟವಾದ ಮೇಲೆ ಗಂಡಸರಿಬ್ಬರೂ ಕೂತು ಲೆಕ್ಕ ಹಾಕಿದರು. ಕನ್ಸಲ್ಟೆನ್ಸಿಯವನು ಲಂಡನ್ನಿನ ಒಂದು ಕಾಲೇಜನ್ನೇ ಒತ್ತಿ ಒತ್ತಿ ಹೇಳಿದ್ದ. ಫೀಸು, ಖರ್ಚು ಎಲ್ಲ ಸೇರಿ ಮೂವತ್ತೈದು ಲಕ್ಷದ ಹತ್ತಿರ. ನಮ್ಮನೆಯವರು ಮಾತು ಕಡಿಮೆ. "ಇರ್ಲಿ, ಮನಿ ಎಲ್ಲಿಗೂ ಹೋಗಂಗಿಲ್ಲ, ಕಾಗದ ಅಷ್ಟೇ ಹೋಗ್ತದ" ಅಂದರು. ಅಣ್ಣನ ಕಣ್ಣು ತುಂಬಿದವು. ಮಾತು ಮುಗಿಯಿತು ಅಂದುಕೊಂಡು ನಾನು ಮಜ್ಜಿಗೆ ತರಲು ಎದ್ದೆ.

ಆಗ ಹುಡುಗಿ ಬಾಗಿಲಲ್ಲಿ ನಿಂತು, "ಅಪ್ಪಾ, ಮಾಮಾ, ನನಗ ಇದು ಬ್ಯಾಡ ಅನಸ್ತದ" ಅಂದಳು.

ಅಣ್ಣ ತಲೆ ಎತ್ತಿ ನೋಡಿದ. ಅವಳು ನಿಲ್ಲಿಸಲಿಲ್ಲ. ಲಂಡನ್ನಿಗೆ ಹೋಗುವುದನ್ನು ತಾನು ಒಪ್ಪುವುದಿಲ್ಲ, ಅದಕ್ಕೆ ಎರಡು ಕಾರಣ. ಒಂದು, ನೀರಿನ ವಿಷಯಕ್ಕೆ ಉತ್ತರ ಇಂಗ್ಲೆಂಡಿನ ಇನ್ನೊಂದು ವಿಶ್ವವಿದ್ಯಾಲಯವೇ ಮೇಲು. ಅಲ್ಲಿ ಬಾಡಿಗೆ ಕಡಿಮೆ, ಫೀಸಿನಲ್ಲೂ ಒಂದಿಷ್ಟು ರಿಯಾಯಿತಿ ಕೊಡುತ್ತೇವೆ ಅಂದಿದ್ದಾರೆ. ಲಂಡನ್ನಿನವರು ಕನ್ಸಲ್ಟೆನ್ಸಿಯವನಿಗೆ ಕಮಿಷನ್ ಕೊಡುತ್ತಾರೆ, ಅವನ ಒತ್ತಾಯ ಅದಕ್ಕೆ. ಎರಡು, ಓದು ಮುಗಿದ ಮೇಲೆ ಕೆಲಸ ಹುಡುಕಲು ಆ ದೇಶ ಕೊಡುವುದು ಎರಡೇ ವರ್ಷ. ಮೂವತ್ತೈದು ಲಕ್ಷ ಅಷ್ಟರಲ್ಲಿ ತೀರುವುದಿಲ್ಲ. ಉದಾಹರಣೆಗೆ ತನ್ನ ಸೀನಿಯರ್ ಒಬ್ಬಳ ಕಂತಿನ ಲೆಕ್ಕ ಹೇಳಿದಳು. ಕೊನೆಗೆ, "ಮಾಮಾನ ಮನಿ ಕಾಗದ ಇಡೂದಾದ್ರ ಸಾಲ ಇಪ್ಪತ್ತೆರಡರ ಮ್ಯಾಲ ಹೋಗಬಾರ್ದು. ಸಾಲದಾಗ ಮೊದಲ ಹೆಸರು ನಂದು. ಕಂತು ನಾನು ಕಟ್ತೀನಿ. ಆಗಂಗಿಲ್ಲಂದ್ರ ಒಂದು ವರ್ಷ ಕಲಬುರಗಿಯಾಗ ನೌಕರಿ ಮಾಡಿ ಆಮ್ಯಾಲ ನೋಡ್ತೀನಿ" ಅಂದಳು.

ಮಜ್ಜಿಗೆಯ ತಂಬಿಗೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ನಿಲುವು, ಎರಡು ಕಾರಣ, ಒಂದು ಉದಾಹರಣೆ, ಸಮಾರೋಪ. ಮೂರು ತಿಂಗಳು ಹಾಳೆಯ ಮೇಲೆ ಬಾರದೆ ಇದ್ದದ್ದು ಸೇಡಂನ ಕನ್ನಡದಲ್ಲಿ, ಅಪ್ಪನ ಎದುರಿಗೆ, ಒಂದು ಪದ ಆಚೀಚೆ ಇಲ್ಲದೆ ಬಂದಿತ್ತು. ಅಣ್ಣನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮತ್ತ ಆ ಉತ್ತರದ ಊರಿನಾಗ ಥಂಡಿ ಭಾಳ ಇರ್ತದಂತಲ್ಲ?" ಅಂತಷ್ಟೇ ಕೇಳಿದ. ಒಪ್ಪಿಗೆ ಅಂದರೆ ಅದೇ.

ಮೇ ತಿಂಗಳಲ್ಲಿ ಬರವಣಿಗೆಗೆ 6 ಬಂತು. ಆ ರಾತ್ರಿಯ ಮಾತಿನಿಂದಲೇ ಅರ್ಧ ಬ್ಯಾಂಡು ಏರಿತು ಅಂತ ನಾನು ಹೇಳಲಾರೆ. ಗಣಿತದವಳು ನಾನು, ಒಂದು ಸಲದ ಅಂಕದಿಂದ ಸಿದ್ಧಾಂತ ಮಾಡುವುದಿಲ್ಲ. ಆದರೆ ಆಮೇಲೆ ಬರೆದ ಅಭ್ಯಾಸದ ಪ್ರಬಂಧಗಳಲ್ಲಿ "ಕೆಲವರು ಹೀಗೆನ್ನುತ್ತಾರೆ" ಕಡಿಮೆಯಾಗಿತ್ತು, "ನಾನು ಒಪ್ಪುವುದಿಲ್ಲ" ಹೆಚ್ಚಾಗಿತ್ತು. ಇಷ್ಟಂತೂ ನಾನು ಕಣ್ಣಾರೆ ಕಂಡದ್ದು.

ವೀಸಾಕ್ಕೆ ಅರ್ಜಿ ಹಾಕುವ ಮೊದಲು ಎಲ್ಲರೂ ಹೇಳಿದರೆಂದು ಚಿಲುಕೂರಿಗೂ ಹೋಗಿ ಬಂದೆವು. ಗಂಡಿಪೇಟೆಯ ಕೆರೆಯ ಹತ್ತಿರದ ಆ ಬಾಲಾಜಿಗೆ ಊರೆಲ್ಲ ವೀಸಾ ಬಾಲಾಜಿ ಅಂತಲೇ ಹೆಸರು. ಅಲ್ಲಿ ಹುಂಡಿ ಇಲ್ಲ. ಹರಕೆಗೆ ಹನ್ನೊಂದು ಪ್ರದಕ್ಷಿಣೆ, ಈಡೇರಿದ ಮೇಲೆ ನೂರಾ ಎಂಟು. ಚೀಟಿಯಲ್ಲಿ ಗೀಟು ಹಾಕುತ್ತ ಓಡುನಡಿಗೆಯಲ್ಲಿ ಸುತ್ತುವ ಹುಡುಗ ಹುಡುಗಿಯರ ಗುಂಪಿನಲ್ಲಿ ಇವಳೂ ಸುತ್ತಿದಳು. ಬ್ಯಾಂಕಿನಲ್ಲಿ 28 ದಿನ ಕದಲದೆ ಇರಬೇಕಾದ ಹಣಕ್ಕೆ ಅಣ್ಣ ತೊಗರಿ ಮಾರಿದ ದುಡ್ಡು ಸೇರಿಸಿದ. ವೀಸಾ ಬಂತು. ನೂರಾ ಎಂಟು ಪ್ರದಕ್ಷಿಣೆ ಮುಗಿಸಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು 2024ರ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿದಳು.

2025ರಲ್ಲಿ ಓದು ಮುಗಿಯಿತು. ಈಗ ಅಲ್ಲೇ ಒಂದು ಕಂಪನಿಯಲ್ಲಿ ಒಳಚರಂಡಿ, ಮಳೆನೀರಿನ ನಕ್ಷೆ ಮಾಡುವ ಕೆಲಸ. ಮುಂದಿನ ವೀಸಾ ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಫ್ಲಾಟಿನ ಕಾಗದ ಬ್ಯಾಂಕಿನಲ್ಲೇ ಇದೆ. ಹೆದರಿಕೆ ಇಲ್ಲವೇ ಅಂದರೆ ಇದೆ. ಪತ್ರಿಕೆಯಲ್ಲಿ ಆ ದೇಶದ ನಿಯಮದ ಸುದ್ದಿ ಬಂದ ದಿನ ನಮ್ಮನೆಯವರು ಅದನ್ನು ಎರಡು ಸಲ ಓದುತ್ತಾರೆ. ಓದಿದ ಮೇಲಿನ ಆ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಹದಿನೆಂಟು ತಿಂಗಳು ಅಂತ ಆದೇಶವಾಗಿದೆ. ಮುಂದೆ ಹೋಗುವ ಮಕ್ಕಳು ಇದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಸೇಡಂ, ಚಿತ್ತಾಪುರದಿಂದ ಈಗಲೂ ಫೋನು ಬರುತ್ತವೆ. ಅಕ್ಕಾ, ಕೋಚಿಂಗ್ ಎಷ್ಟು ತಿಂಗಳು ಬೇಕು, ಯಾವ ಪುಸ್ತಕ ಛಲೋ ಅಂತ ಕೇಳುತ್ತಾರೆ. ತಿಂಗಳು, ಪುಸ್ತಕ ಎಲ್ಲ ಹೇಳುತ್ತೇನೆ. ಅದರ ಜೊತೆಗೆ, ದಿನಾ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಮನೆಯ ಒಂದು ವಿಷಯ ಕೇಳಿರಿ ಅನ್ನುತ್ತೇನೆ. ಎಮ್ಮೆ ಮಾರೋಣವೋ ಬೇಡವೋ, ಬೋರು ಎಲ್ಲಿ ಕೊರೆಸೋಣ, ಏನಾದರೂ ಸರಿ. ಕಾರಣ ಸಮೇತ ಹೇಳಲಿ, ಕನ್ನಡದಲ್ಲೇ ಹೇಳಲಿ. ಬಹಳ ಜನ ಇದನ್ನು ಚೇಷ್ಟೆ ಅಂದುಕೊಂಡು ನಗುತ್ತಾರೆ. ಒಬ್ಬ ತಾಯಿ ಮಾತ್ರ ನಗಲಿಲ್ಲ. ಸ್ವಲ್ಪ ತಡೆದು, "ಕೇಳಿದ್ರ ಹೇಳ್ತಾಳ್ರೀ ಅಕ್ಕಾ, ಆದ್ರ ಆಮ್ಯಾಲ ಆಕಿ ಮಾತು ಕೇಳಬೇಕಾಗ್ತದಲ್ರೀ" ಅಂದರು.

ಹೌದು, ಕೇಳಬೇಕಾಗ್ತದ ಅಂದೆ.