ಬಾವಿ ಕಲಿಸದ ಲೆಕ್ಕ (ಈಸು ಸರಣಿ, ಭಾಗ 4)

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಹುಡುಗರು ಈಸಾಕ ಕಲಿಯೋದು ಬಹಳಷ್ಟು ಹೊಲದ ಬಾವ್ಯಾಗ. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ, ಸೊಂಟಕ್ಕ ಹಗ್ಗ ಬಿಗಿದು ನೀರಿಗೆ ಬಿಡ್ತಾರ. ದಂಡಿ ಮ್ಯಾಲೆ ನಿಂತ ಕಾಕಾಂದು ಒಂದೇ ಪಾಠ: "ಕೈ ಬಡೀಲೇ, ಕಾಲ ಬಡಿ!" ನಾನೂ ಹಂಗ ಕಲಿತವನೇ.

ಮುಳುಗದಂಗ ಇರೋದನ್ನ ಬಾವಿ ಚಲೋ ಕಲಸ್ತೈತಿ. ಆದ್ರ ಬಾವಿ ಸಣ್ಣದು. ಏಳೆಂಟು ಸಲ ಕೈ ಹಾಕೋದ್ರೊಳಗ ಎದುರಿನ ಕಲ್ಲು ಸಿಗತೈತಿ, ಹಿಡಕೊಂಡು ಉಸಿರು ತಗೋಬಹುದು. ಕೆರ್‍ಯಾಗ, ವರದಾ ಹೊಳ್ಯಾಗ ಆ ಕಲ್ಲು ಇರೋದಿಲ್ಲ. ಬೇಸಿಗಿ ಬಂತಂದ್ರ "ನಂಗ ಈಸು ಬರತೈತಿ" ಅಂತ ಕೆರೆಗೆ ಇಳಿಯೋ ಹುಡುಗನಿಗೆ ಬರೋದು ಏಳೆಂಟು ಕೈಯಷ್ಟೇ ಇರಬಹುದು. ಮುಂದಿಂದು ಎರಡೂ ಕೈಗಳ ಹೊಂದಾಣಿಕೆ ಮ್ಯಾಲೆ ನಿಂತೈತಿ.

ಫ್ರಂಟ್ ಕ್ರಾಲ್, ಅಂದ್ರ ನಾವು ಫ್ರೀಸ್ಟೈಲ್ ಅಂತ ಕರೆಯೋ ಈಜಿನಾಗ, ಒಂದು ಕೈ ನಾಲ್ಕು ಕೆಲಸ ಮಾಡತೈತಿ. ಮುಂದ ಚಾಚಿ ನೀರು ಹಿಡಿಯೋದು, ಎಳೆಯೋದು, ತೊಡೆವರೆಗೂ ಹಿಂದಕ್ಕ ತಳ್ಳೋದು, ನೀರಿನ ಮ್ಯಾಲಿಂದ ವಾಪಸ್ ಮುಂದ ಬರೋದು. ನಮ್ಮನ್ನ ಮುಂದಕ್ಕ ಒಯ್ಯೋದು ನಡುವಿನ ಎರಡು ಕೆಲಸ ಮಾತ್ರ. ಹಂಗಾದ್ರ ಬಲಗೈ ತಳ್ಳಿ ಮುಗಿಸಿದಾಗ ಎಡಗೈ ಏನು ಮಾಡ್ತಿರತೈತಿ?

ಇದಕ್ಕ ಮೂರು ಉತ್ತರ ಅದಾವ. ಎಡಗೈ ಇನ್ನೂ ಮುಂದ ಚಾಚಿಕೊಂಡು ಕಾಯ್ತಿದ್ರ ಅದು ಕ್ಯಾಚ್‌ಅಪ್. ಅದೇ ಕ್ಷಣಕ್ಕ ಎಳೆಯಾಕ ಶುರು ಮಾಡಿದ್ರ ಆಪೊಸಿಶನ್. ಬಲಗೈ ಮುಗಿಸೋಕಿಂತ ಮೊದಲೇ ಶುರು ಮಾಡಿದ್ರ ಸೂಪರ್‌ಪೊಸಿಶನ್. ಫ್ರಾನ್ಸಿನ ಡಿಡಿಯೆ ಶೊಲೆ ಮತ್ತು ಅವರ ಜೊತೆಗಾರರು 2000ರಲ್ಲಿ ಇದನ್ನ ಅಳೆಯಾಕ ಒಂದು ಸೂಚ್ಯಂಕ ಕೊಟ್ರು. ಮೈನಸ್ ಬಂದ್ರ ಕ್ಯಾಚ್‌ಅಪ್, ಸೊನ್ನೆ ಬಂದ್ರ ಆಪೊಸಿಶನ್, ಪ್ಲಸ್ ಬಂದ್ರ ಸೂಪರ್‌ಪೊಸಿಶನ್.

ಬಿಕಾಂ ಮಂದಿಗೆ ಇದು ಲಗೂನ ತಿಳೀತೈತಿ. ಕಾಸ್ಟಿಂಗ್‌ನಾಗ ಐಡಲ್ ಟೈಮ್ ಓದೀವಲ್ಲ? ಎರಡೂ ಕೈ ಕೆಲಸ ಮಾಡದ ಆ ಗ್ಯಾಪ್ ಅದೇ. ಚಹಾ ಕುಡಿಯೋ ಬಿಡುವು ನಾರ್ಮಲ್, ಅದನ್ನ ಖರ್ಚಿನಾಗ ಸೇರಿಸ್ತೀವಿ. ಕರೆಂಟ್ ಹೋಗಿ ಕೂತದ್ದು ಅಬ್‌ನಾರ್ಮಲ್, ನಷ್ಟಕ್ಕ ಹಾಕ್ತೀವಿ. ದೂರ ಈಸುವಾಗ ಸಣ್ಣ ಗ್ಯಾಪ್ ನಾರ್ಮಲ್: ಮೈ ಉದ್ದಕ್ಕ ಜಾರತೈತಿ, ಭುಜಕ್ಕ ವಿಶ್ರಾಂತಿ ಸಿಗತೈತಿ. ಗ್ಯಾಪ್ ಅತಿಯಾದ್ರ ಮೈ ನಿಧಾನ ಆಗಿಬಿಡತೈತಿ, ಪ್ರತಿ ಸಲ ಹೊಸದಾಗಿ ವೇಗ ಕೊಡಬೇಕು. ವೇಗ ಎರಡು ಪಟ್ಟಾದ್ರ ನೀರಿನ ತಡೆ ಸುಮಾರು ನಾಲ್ಕು ಪಟ್ಟು ಆಗತೈತಿ. ಅದಕ್ಕ ನಿಂತು ಓಡೋದಕ್ಕಿಂತ ಒಂದೇ ಸಮ ಹೋಗೋದು ಅಗ್ಗ.

ಹಂಗಾಗಿ ದೂರದ ಈಜುಗಾರರು ಕ್ಯಾಚ್‌ಅಪ್ ಕಡೆ ಇರ್ತಾರ, 50 ಮೀಟರ್ ಜೋರು ಈಸೋರು ಗ್ಯಾಪ್ ಮುಚ್ಚಿಬಿಡ್ತಾರ. ಯಾವುದೂ ತಪ್ಪಲ್ಲ, ದೂರ ನೋಡಿ ಆರಿಸ್ಕೋಬೇಕು. ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿನಾಗ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಾಗ 200 ಮೀಟರ್ ಫ್ರೀಸ್ಟೈಲ್ ಈಸಿದ್ರು. ಆ ವಿಡಿಯೋ ಸಿಕ್ರ ನಿಧಾನ ಮಾಡಿ ನೋಡ್ರಿ. ಕಾಲಿನ ನೊರೆ ಬಿಡ್ರಿ, ಒಂದು ಕೈ ಮುಗಿಸಿದಾಗ ಇನ್ನೊಂದು ಎಲ್ಲೈತಿ ಅಂತ ನೋಡ್ರಿ.

ಬಾವ್ಯಾಗ ಕಲಿತ ನಾವು ಮಾಡೋದು ಬೇರೆ. ತಲೆ ಮ್ಯಾಲೆತ್ತಿ ಎರಡೂ ಕೈ ಬಡಬಡ ಬಡೀತೀವಿ. ಕೈ ಚಾಚೋದೂ ಇಲ್ಲ, ತೊಡೆವರೆಗೂ ತಳ್ಳೋದೂ ಇಲ್ಲ. ಬೆವರು ಪೂರ್ತಿ, ದೂರ ಅರ್ಧ.

ಇದಕ್ಕ ಒಂದು ಅಭ್ಯಾಸ ಐತಿ. ಒಂದು ಕೈ ಮುಂದ ಚಾಚಿ ಇಡ್ರಿ, ಇನ್ನೊಂದು ಸುತ್ತು ಮುಗಿಸಿ ಬಂದು ಅದನ್ನ ಮುಟ್ಟಿದ ಮ್ಯಾಲೆ ಅದನ್ನ ಬಿಡ್ರಿ. ಹತ್ತು ಸಲ ಹಂಗ ಮಾಡಿ, ಆಮ್ಯಾಲೆ ಮುಟ್ಟೋಕಿಂತ ಸ್ವಲ್ಪ ಮೊದಲೇ ಬಿಡ್ರಿ. ಆಳ ಗೊತ್ತಿರೋ ನೀರಾಗ, ದಂಡಿ ಮ್ಯಾಲೆ ಈಸು ಬರೋರು ಒಬ್ಬರು ಇದ್ದಾಗ ಮಾತ್ರ.

ಕೆರೆ ದಾಟ್ತೀನಿ ಅಂತ ಬೆಟ್ ಕಟ್ಟೋ ದೋಸ್ತ ಒಬ್ಬ ಇರ್ತಾನಲ್ಲ, ಅವನ್ನ ಟ್ಯಾಗ್ ಮಾಡ್ರಿ. ಮುಂದಿನ ಭಾಗದಾಗ ಉಸಿರು.

#ಈಸು #ಹಾನಗಲ್ಲ