ಮರಿ ತರುವ ಮುಂಚೆ

ಏಪ್ರಿಲ್ ಬಿಸಿಲಿಗೆ ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಏದುಸಿರು ಬಿಡುವ ಹಸ್ಕಿ ನಾಯಿಯನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದು ಬೆಳೆಸಿದ ತಳಿ ಅದು. ಮೈಮೇಲೆ ಎರಡು ಪದರದ ದಟ್ಟ ಕೂದಲು. ನೀಲಿ ಕಣ್ಣಿಗೆ ಮನಸೋತು ತಂದವರು ಆ ಮೈಯನ್ನು ನೋಡಲೇ ಇಲ್ಲ.

ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಬಿಸಿಲು ತಡೆಯುತ್ತದೆ, ಕೂದಲು ಗಿಡ್ಡ, ಆರೈಕೆ ಸುಲಭ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಹೆಮ್ಮೆಯ ತಳಿ. ಆದರೆ ಬಯಲಲ್ಲಿ ಮೊಲದ ಬೆನ್ನಟ್ಟಿದ ಬೇಟೆನಾಯಿ ಅದು. ದಿನವೂ ಮನಸಾರೆ ಓಡಬೇಕು. ಸದಾ ಕಟ್ಟಿಹಾಕಿದರೆ ಕೊರಗುತ್ತದೆ.

ಹಾಗಾಗಿ ತಳಿಯ ಹೆಸರಿಗಿಂತ ಮೊದಲು ನಮ್ಮ ಮನೆಯನ್ನು ನೋಡಿಕೊಳ್ಳೋಣ. ಹಗಲು ಮನೆಯಲ್ಲಿ ಯಾರಿರುತ್ತಾರೆ? ದಿನಾ ವಾಕಿಂಗ್ ಕರೆದೊಯ್ಯುವವರು ಯಾರು? ಊರಿಗೆ ಹೋದಾಗ ಯಾರ ಕೈಗೆ ಒಪ್ಪಿಸುವುದು? ನಾಯಿ 10ರಿಂದ 15 ವರ್ಷ ಬದುಕುತ್ತದೆ. ಅಷ್ಟೂ ವರ್ಷ ಈ ಪ್ರಶ್ನೆಗಳಿಗೆ ಉತ್ತರ ಇರಬೇಕು.

ಉತ್ತರ ಇದೆಯೆಂದರೆ, ದುಡ್ಡು ಕೊಟ್ಟು ಕೊಳ್ಳುವ ಮುಂಚೆ ಒಮ್ಮೆ ಹತ್ತಿರದ ಪ್ರಾಣಿ ಆಶ್ರಯಕ್ಕೆ ಹೋಗಿ ಬನ್ನಿ. ನಮ್ಮ ಹವೆಗೆ ಹುಟ್ಟಿನಿಂದಲೇ ಒಗ್ಗಿಕೊಂಡ ನಾಟಿ ಮರಿಯೊಂದು ಅಲ್ಲಿ ನಿಮಗಾಗಿ ಕಾದಿರಬಹುದು.